ಇಪ್ಪತ್ತಮೂರನೇ ಬಿಲ್ಲೆ

ಅಷ್ಟೆಲ್ಲ ರಾದ್ಧಾಂತಕ್ಕೆ ಕಾರಣ ಕೋಟಿನ ಗುಂಡಿಗಿಂತ ತುಸು ದೊಡ್ಡದಾದ ಒಂದು ಹಿತ್ತಾಳೆ ಬಿಲ್ಲೆ. ಅದು ಆ ಹೊತ್ತಿನಲ್ಲಿ ಇರಬೇಕಾದದ್ದು ಕೆರೆಯ ಗೇಟಿನ ಹಲಗೆಯ ಮೇಲೆ, ಇಪ್ಪತ್ತಮೂರನೇ ಮೊಳೆಯಲ್ಲಿ. ಇದ್ದದ್ದು ಟೈಲರನ ಅಂಗಿ ಜೇಬಿನಲ್ಲಿ, ಸೀಮೆಸುಣ್ಣದ ತುಂಡಿನ ಪಕ್ಕದಲ್ಲಿ. ಟೈಲರನಿಗೆ ಮಾತ್ರ ಅದರ ನೆನಪೇ ಇರಲಿಲ್ಲ.

ಆ ಕೆರೆ ಮಳೆ ಕೊಟ್ಟದ್ದಲ್ಲ, ಊರಿನವರೇ ತೋಡಿದ್ದು. ಮೂರು ತಲೆಮಾರು ಅದಿರು ಅಗೆದು ಅಗೆದು, ಇನ್ನೂ ಅಗೆದರೆ ಭೂಮಿಯ ಆ ಬದಿಯವರ ಮನೆ ಮಾಡು ಸಿಕ್ಕೀತು ಅನ್ನುವಾಗ ಗಣಿ ಮುಚ್ಚಿತು. ಪಂಪುಗಳು ನಿಂತವು, ನೀರು ಏರಿತು. ಲಾರಿಗಳು ಓಡಾಡುತ್ತಿದ್ದ ಜಲ್ಲಿದಾರಿ ಮಾತ್ರ ನೀರಿನ ಸುತ್ತ ಹದಿನೆಂಟು ಕಿಲೋಮೀಟರ್ ಹಾಗೇ ಉಳಿಯಿತು. ಈಗ ಊರಿಗೆ ಊರೇ ಆ ದಾರಿಯಲ್ಲಿ ದಪ್ಪ ಟೈರಿನ, ಟಗರಿನ ಕೊಂಬಿನಂಥ ಹ್ಯಾಂಡಲಿನ ಜಲ್ಲಿ ಸೈಕಲ್ ತುಳಿಯುತ್ತದೆ.

ಗಣಿ ಹೋದರೂ ಹಾಜರಿ ತಾತ ಹೋಗಲಿಲ್ಲ. ಗಣಿಗೆ ಇಳಿಯುವವರ ಹಾಜರಿ ಹಿಡಿದು ಹಿಡಿದೇ ಮುದುಕನಾದವನು ಅವನು. ಹಳೆಯ ಹಲಗೆ, ಹಳೆಯ ಬಿಲ್ಲೆ, ಹಳೆಯ ಸೈರನ್ನುಗಳ ಸಮೇತ ಗೇಟಿನ ಗೂಡಿನಲ್ಲೇ ಕೂತಿದ್ದ. ಅವನ ಕಾನೂನು ಸರಳ. ಒಳಗೆ ಹೋಗುವವರು ಒಂದು ಬಿಲ್ಲೆ ತೆಗೆದುಕೊಳ್ಳಬೇಕು, ಹೊರಗೆ ಬಂದವರು ಅದನ್ನು ಅದೇ ಮೊಳೆಗೆ ಹಾಕಬೇಕು. ಮೂರು ಗಂಟೆ ಕಳೆದರೂ ಮೊಳೆ ಖಾಲಿಯಾಗಿದ್ದರೆ ಒಳಗೊಬ್ಬ ಮನುಷ್ಯ ಉಳಿದಿದ್ದಾನೆ ಎಂದೇ ಅರ್ಥ. ಹಿಂದೊಮ್ಮೆ ಹೀಗೆ ಖಾಲಿ ಉಳಿದ ಮೊಳೆಯನ್ನು ಬೆಳಗಿನವರೆಗೂ ಯಾರೂ ನೋಡಿರಲಿಲ್ಲವಂತೆ. ಅಲ್ಲಿಂದೀಚೆಗೆ ಆ ಹಲಗೆಯ ಬಗ್ಗೆ ಊರಿನಲ್ಲಿ ಯಾರೂ ತಮಾಷೆ ಮಾಡುವುದಿಲ್ಲ.

ಟೈಲರನ ಕಷ್ಟ ಬೇರೆಯೇ ಇತ್ತು. ಅವನ ಹೆಂಡತಿ ಆಸ್ಪತ್ರೆಯ ಆಂಬ್ಯುಲೆನ್ಸ್ ಡ್ರೈವರ್. ಗಾಡಿಯಾಗಲಿ ಸೈಕಲ್ಲಾಗಲಿ, ನಿಧಾನ ಎಂಬುದು ಅವಳ ಜಾಯಮಾನದಲ್ಲೇ ಇಲ್ಲ. ಕೆರೆಗೆ ಒಂದು ಸುತ್ತನ್ನು ನಲವತ್ತೈದು ನಿಮಿಷದಲ್ಲಿ ಮುಗಿಸುತ್ತಿದ್ದಳು. ಪ್ರತಿ ಭಾನುವಾರ ಬೇಕರಿ ಅಕ್ಕನ ಸೈಕಲ್ ತಂಡದ ಜೊತೆ ಹೊರಟುಬಿಡುತ್ತಿದ್ದಳು. ಒಂದು ಗಂಟೆಯೊಳಗೆ ಸುತ್ತು ಮುಗಿಸಿದವರಿಗೆ ಮಾತ್ರ ಆ ತಂಡದಲ್ಲಿ ಜಾಗ. ಟೈಲರ್ ಹನ್ನೊಂದು ಸಲ ಪ್ರಯತ್ನಿಸಿ ಹನ್ನೊಂದು ಸಲವೂ ಸೋತಿದ್ದ. ಈ ಭಾನುವಾರ ತಂಡ ಎರಡು ದಿನದ ದೂರ ಸವಾರಿಗೆ ಹೊರಡುವುದಿತ್ತು. ಹೆಸರು ಸೇರಿಸಲು ಇವತ್ತೇ ಕಡೆಯ ದಿನ.

"ನೀವೂ ಬರೋ ಹಾಗಿದ್ದಿದ್ರೆ ಎಷ್ಟು ಚೆನ್ನಾಗಿರ್ತಿತ್ತು ರೀ," ಎಂದು ಅವಳು ಬೆಳಿಗ್ಗೆ ಹೇಳಿದ್ದಳು. ಬೈದಿದ್ದರೆ ಸಹಿಸಬಹುದಿತ್ತು. ಇಷ್ಟು ಪ್ರೀತಿಯಿಂದ ಹೇಳಿದ್ದು ಸೂಜಿ ಉಗುರಿನ ಸಂದಿಗೆ ಹೊಕ್ಕಂತಾಯಿತು.

ಹಾಗಾಗಿ ಮಧ್ಯಾಹ್ನ ಅಂಗಡಿ ಮುಚ್ಚಿ ಗೇಟಿಗೆ ಬಂದ. ಪ್ರತಿ ಸಲವೂ ತಾತ "ಬಂದ್ಯಾ? ಇವತ್ತು ಎಷ್ಟಕ್ಕೆ ಸೋಲ್ತೀಯ?" ಎಂದು ಕೇಳುತ್ತಿದ್ದ. ಆ ಮಾತು ಕೇಳಿದರೆ ಅರ್ಧ ಗಾಳಿ ಅಲ್ಲೇ ಇಳಿದುಹೋಗುತ್ತಿತ್ತು. ತಾತ ಕನ್ನಡಕ ತೆಗೆದು ಒರೆಸುತ್ತಿದ್ದದ್ದನ್ನು ನೋಡಿ, ತುಟಿಪಿಟಕ್ಕೆನ್ನದೆ ಇಪ್ಪತ್ತಮೂರನೇ ಬಿಲ್ಲೆ ತೆಗೆದುಕೊಂಡು ಒಳಗೆ ನುಸುಳಿದ.

ಆಮೇಲೆ ಏನಾಯಿತೋ ಅವನಿಗೇ ಗೊತ್ತಿಲ್ಲ. ಗಾಳಿ ಬೆನ್ನಿಗಿತ್ತೋ, ಹೆಂಡತಿಯ ಮಾತು ಬೆನ್ನಿಗಿತ್ತೋ, ಜಲ್ಲಿ ಹುರಿಯುವ ಕಡಲೆಯ ಹಾಗೆ ಸಿಡಿಯುತ್ತಿತ್ತು. ಗೇಟು ದಾಟಿ ಗಡಿಯಾರ ನೋಡಿಕೊಂಡ. ಐವತ್ತೇಳು ನಿಮಿಷ! ಬಿಲ್ಲೆ, ಮೊಳೆ, ತಾತ, ಎಲ್ಲ ಮರೆತು ಅದೇ ವೇಗದಲ್ಲಿ ನೇರ ಆಸ್ಪತ್ರೆಗೆ ಹೋದ. ಆಂಬ್ಯುಲೆನ್ಸ್ ಹೊರಗೆ ಹೋಗಿತ್ತು. ಸಂಜೆ ಹೇಳಿದರಾಯಿತು ಎಂದು ಅಂಗಡಿಗೆ ಬಂದು, ಖುಷಿಯಲ್ಲಿ ಒಂದು ಪ್ಯಾಂಟಿಗೆ ಎರಡು ಎಡಗಾಲು ಹೊಲಿದ.

ಐದು ಗಂಟೆ ಐದು ನಿಮಿಷಕ್ಕೆ ಸೈರನ್ ಕೂಗಿತು.

ಬೀದಿಯವರೆಲ್ಲ ಕೈಯಲ್ಲಿದ್ದದ್ದನ್ನು ಬಿಟ್ಟು ಓಡಿದರು. ಟೈಲರನೂ ಕುತ್ತಿಗೆಗೆ ಟೇಪು ಹಾಕಿಕೊಂಡೇ ಓಡಿದ. ಗೇಟಿನ ಹತ್ತಿರ ತಾತ ಬಿಳಿಚಿಕೊಂಡು ನಿಂತಿದ್ದ.

"ಇಪ್ಪತ್ತಮೂರು ಬಂದಿಲ್ಲ. ಎರಡು ಗಂಟೆ ಐದು ನಿಮಿಷಕ್ಕೆ ಹೋಗಿದ್ದು. ಮುಖ ಕಾಣಲಿಲ್ಲ. ಆದ್ರೆ ಸೈಕಲ್ ಹತ್ತೋ ರೀತಿ ನೋಡಿದ್ರೆ, ಪಾಪ, ಹೆಚ್ಚು ದೂರ ಹೋಗಿರೋ ಪೈಕಿ ಅಲ್ಲ. ಮೂಟೆ ಜಾರಿದ ಹಾಗೆ ಹತ್ತಿದ."

"ಅಂಥೋನು ಒಬ್ಬನೇ ಯಾಕೆ ಹೋಗ್ಬೇಕಿತ್ತು?" ಎಂದಳು ಬೇಕರಿ ಅಕ್ಕ. "ಒಲೆಯಲ್ಲಿ ನಲವತ್ತು ಬ್ರೆಡ್ಡು ಬಿಟ್ಟು ಬಂದಿದೀನಿ!"

"ಬೇಜವಾಬ್ದಾರಿ!" ಎಂದು ಎಲ್ಲರಿಗಿಂತ ಗಟ್ಟಿಯಾಗಿ ಕೂಗಿದವನು ಟೈಲರ್. ಐವತ್ತೇಳು ನಿಮಿಷದ ಗತ್ತು ಇನ್ನೂ ಇಳಿದಿರಲಿಲ್ಲ. "ಸೈಕಲ್ ತುಳಿಯೋಕೆ ಬರದೇ ಇರೋರನ್ನ ಒಳಗೆ ಬಿಡಲೇಬಾರದು. ಅವನು ಸಿಗಲಿ, ನಾನೇ ನಾಲ್ಕು ಬಿಗಿತೀನಿ!"

ಜನಕ್ಕೆ ಆ ಆವೇಶ ಹಿಡಿಸಿತು. "ಟೈಲರಣ್ಣ ಹೇಳಿದ್ದು ಸರಿ!" ಎಂದು ನಾಲ್ಕಾರು ಮಂದಿ ದನಿಗೂಡಿಸಿದರು. ಬೇಕರಿ ಅಕ್ಕ ಅವನನ್ನೇ ಪೂರ್ವದ ದಡದ ಹುಡುಕಾಟಕ್ಕೆ ಮುಂದಾಳು ಮಾಡಿದಳು. ಜನ್ಮದಲ್ಲಿ ಮೊದಲ ಸಲ ಹತ್ತು ಜನ ತನ್ನ ಹಿಂದೆ ಬರುತ್ತಿರುವುದನ್ನು ನೋಡಿ ಟೈಲರ್ ಎದೆಯುಬ್ಬಿಸಿ ನಡೆದ. "ಇಪ್ಪತ್ತಮೂರೂ! ಓ ಇಪ್ಪತ್ತಮೂರೂ!" ಎಂದು ಪೊದೆಪೊದೆಗೂ ಕೂಗಿದ. ಮಣ್ಣಿನಲ್ಲಿ ಟೈರಿನ ಗುರುತು ಕಂಡಾಗ ಬೆರಳಿಟ್ಟು ನೋಡಿ, "ಹ್ಯಾಂಡಲ್ ಹಿಡಿಯೋದೂ ಗೊತ್ತಿಲ್ಲ ಮಹಾರಾಯನಿಗೆ, ಹಾವು ಹರಿದ ಹಾಗಿದೆ," ಎಂದು ತೀರ್ಪು ಕೊಟ್ಟ.

ಅದನ್ನು ಸುತ್ತಿ ಗುರುತು ಹಾಕೋಣ ಎಂದು ಸೀಮೆಸುಣ್ಣಕ್ಕಾಗಿ ಜೇಬಿಗೆ ಕೈ ಹಾಕಿದ. ಬೆರಳಿಗೆ ತಣ್ಣಗೆ, ದುಂಡಗೆ ಏನೋ ತಗುಲಿತು. ಅರ್ಧ ಹೊರಗೆ ಎಳೆದು ನೋಡಿದ. ಎರಡು, ಮೂರು. ಇಪ್ಪತ್ತಮೂರು.

ಥಟ್ಟನೆ ಅದನ್ನು ಮುಷ್ಟಿಯೊಳಗೆ ಬಚ್ಚಿಟ್ಟುಕೊಂಡ.

"ಏನಾಯ್ತಣ್ಣ? ಏನಾದ್ರೂ ಸಿಕ್ತಾ?" ಎಂದು ಹಿಂದಿದ್ದವರು ಕೇಳಿದರು.

"ಇಲ್ಲ... ಯಾರೂ... ಇಲ್ಲ," ಎಂದ. ಹಾಗೆ ನೋಡಿದರೆ ಅದು ಸುಳ್ಳೂ ಅಲ್ಲ.

ಈಗಲೇ ಹೇಳಿಬಿಡಲೇ ಎಂದುಕೊಂಡ. ಆದರೆ ನಾಲ್ಕು ಬಿಗಿಯುತ್ತೇನೆ ಎಂದು ಊರೆದುರು ಕೂಗಿದವನು ತಾನೇ. ಆ ನಾಲ್ಕನ್ನು ತನಗೆ ತಾನೇ ಬಿಗಿದುಕೊಳ್ಳುವುದು ಹೇಗೆ? ಅಷ್ಟರಲ್ಲಿ ಕೆಳಗಿನಿಂದ ಕೂಗು ಕೇಳಿತು. ಆಂಬ್ಯುಲೆನ್ಸ್ ಬಂದಿತ್ತು. ಅವನ ಹೆಂಡತಿ ಬೂಟು ಕಳಚಿ, ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ನೀರಿಗೆ ಇಳಿಯುತ್ತಿದ್ದಳು. ದಡದಿಂದ ಹತ್ತು ಹೆಜ್ಜೆಗೆ ಇನ್ನೂರು ಅಡಿ ಆಳ.

"ಬೇಡ ಕಣೇ!" ಎಂದು ಕಿರುಚಿದ.

"ಸುಮ್ನಿರಿ! ಅವನ ಹೆಂಡತಿ ಎಲ್ಲಿ ದಾರಿ ಕಾಯ್ತಿದಾಳೋ!" ಎಂದು ಅವಳು ಅಲ್ಲಿಂದಲೇ ಗದರಿದಳು.

ಟೈಲರ್ ಮುಂದಾಳ್ತನವನ್ನು ಅಲ್ಲೇ ಬಿಸಾಡಿ ಗೇಟಿಗೆ ಓಡಿದ. ಸೈರನ್ ಇನ್ನೂ ಕೂಗುತ್ತಲೇ ಇತ್ತು, ತಾತ ಹಲಗೆಯ ಕೆಳಗೇ ಕೂತಿದ್ದ.

"ತಾತಾ, ಕಿವಿ ಕಿತ್ತುಹೋಗ್ತಿದೆ! ನೀರಲ್ಲಿರೋರು ಕೂಗಿದ್ರೆ ಕೇಳಲ್ಲ. ಸೈರನ್ ಒಂದು ನಿಮಿಷ ನಿಲ್ಸು!"

ತಾತ ಎದ್ದು ಸ್ವಿಚ್ಚಿನ ಕಡೆ ತಿರುಗಿದ. ಟೈಲರ್ ಬಿಲ್ಲೆಯನ್ನು ಮೊಳೆಗೆ ಸಿಕ್ಕಿಸಿ, ಎರಡು ಹೆಜ್ಜೆ ಹಿಂದೆ ಹಾರಿ, ನಾಟಕದಲ್ಲಿ ಮೊದಲ ಸಲ ಪಾರ್ಟು ಸಿಕ್ಕವನ ದನಿಯಲ್ಲಿ, "ಅರೆ ತಾತಾ, ಇಪ್ಪತ್ತಮೂರು ಇಲ್ಲೇ ಇದೆಯಲ್ಲ!" ಎಂದ.

ತಾತ ಬಂದು ಬಿಲ್ಲೆಯನ್ನು ಮುಟ್ಟಿದ. ಹೆಬ್ಬೆರಳಿನಿಂದ ತೀಡಿದ. "ಬೆಚ್ಚಗಿದೆ," ಎಂದ. "ಯಾರೋ ಈಗ ತಾನೇ ಹಾಕಿದಾರೆ. ಬದುಕಿದಾನೆ ಕಣಪ್ಪಾ, ಬದುಕಿದಾನೆ!" ಮುದುಕನ ಕಣ್ಣಲ್ಲಿ ನೀರು ತುಂಬಿತು. ಮನುಷ್ಯ ಸಿಕ್ಕಿದ ಎಂಬ ಗುರುತಿಗೆ ಎರಡು ಸಲ ಉದ್ದಕ್ಕೆ ಸೈರನ್ ಕೂಗಿಸಿದ.

ಊರೆಲ್ಲ ಗೇಟಿಗೆ ಬಂದು ಸೇರಿತು. ಟೈಲರನ ಹೆಂಡತಿ ಕುತ್ತಿಗೆವರೆಗೂ ನೆನೆದು ನಡುಗುತ್ತಿದ್ದಳು. ಅವನು ತನ್ನ ಕೋಟನ್ನು ಬಿಚ್ಚಿ ಹೊದಿಸಿದ.

"ಯಾರದು ಇಪ್ಪತ್ತಮೂರು? ಮುಂದೆ ಬರ್ಲಿ," ಎಂದಳು ಬೇಕರಿ ಅಕ್ಕ, ತೋಳು ಮಡಚುತ್ತ. "ನಲವತ್ತು ಬ್ರೆಡ್ಡು ಇದ್ದಿಲಾಗಿದೆ. ಅಷ್ಟನ್ನೂ ಅವನ ಬಾಯಿಗೇ ತುರುಕ್ತೀನಿ."

ಯಾರೂ ಬರಲಿಲ್ಲ. ಟೈಲರ್ ತನ್ನ ಚಪ್ಪಲಿಯ ಹೊಲಿಗೆಯನ್ನು ಪರೀಕ್ಷಿಸುತ್ತಿದ್ದ.

"ತಡಿಯಮ್ಮ," ಎಂದ ತಾತ, ಹಾಜರಿ ಪುಸ್ತಕವನ್ನು ಮೂಗಿಗೆ ಅಂಟಿಸಿಕೊಂಡು. "ಮೂರು ಗಂಟೆ ಎರಡು ನಿಮಿಷಕ್ಕೆ ಒಂದು ಸೈಕಲ್ ಧೂಳೆಬ್ಬಿಸ್ಕೊಂಡು ಹೊರಗೆ ಹೋಯ್ತು ಅಂತ ಬರೆದಿದೀನಿ. ಇಪ್ಪತ್ತಮೂರು ಅಷ್ಟು ಜೋರಾಗಿ ಹೋಗೋಕೆ ಸಾಧ್ಯವೇ ಇಲ್ಲ, ಹಾಲಿನವನು ಇರ್ಬೇಕು ಅಂದ್ಕೊಂಡೆ. ಅದು ಇವನೇ! ಎರಡು ಐದರಿಂದ ಮೂರು ಎರಡು. ಐವತ್ತೇಳು ನಿಮಿಷ! ಬಿಲ್ಲೆ ಹಾಕೋದು ಮರೆತಿದಾನೆ, ಅಷ್ಟೆ. ಲೆಕ್ಕ ಅಂದ್ರೆ ಲೆಕ್ಕ. ಯಾರೇ ಆಗ್ಲಿ, ಭಾನುವಾರ ಇವನಿಗೆ ಜಾಗ ಕೊಡ್ಬೇಕು."

ಜನರ ಮುಖ ಬದಲಾಯಿತು. ಗೊಣಗಾಟ ಗುಜುಗುಜು ಆಯಿತು. ಬೇಕರಿ ಅಕ್ಕ ತೋಳು ಇಳಿಸಿ, "ಐವತ್ತೇಳು? ಹಾಗಾದ್ರೆ ಆಯ್ತು, ಬ್ರೆಡ್ಡು ಇನ್ನೊಂದ್ಸಲ ಸುಡ್ತೀನಿ," ಎಂದಳು.

"ಐವತ್ತೇಳು!" ಎಂದಳು ಟೈಲರನ ಹೆಂಡತಿ, ಹಲ್ಲು ಕಟಕಟಿಸುತ್ತಲೇ. ಅವಳ ಕಣ್ಣು ಹೊಳೆಯುತ್ತಿತ್ತು. "ಯಾರು ರೀ ಅದು? ಒಂದ್ಸಲ ನೋಡ್ಬೇಕು ಅವರನ್ನ."

ಟೈಲರ್ ಚಪ್ಪಲಿಯಿಂದ ಕಣ್ಣು ಎತ್ತಿದ. ಇಗೋ ಈಗ ಎಂದುಕೊಂಡ. ಗಂಟಲು ಸರಿಮಾಡಿಕೊಂಡ. ಬಲಗಾಲನ್ನು ಒಂದು ಗೇಣು ಮುಂದಿಟ್ಟ. ಇನ್ನೊಂದು ಸಲ ಗಂಟಲು ಸರಿಮಾಡಿಕೊಂಡ.

"ನಾನೇ."

ದನಿ ಟೈಲರನದಾಗಿರಲಿಲ್ಲ. ಗೇಟಿನ ಕಂಬದ ಹಿಂದಿನಿಂದ ಫೋಟೋ ಸ್ಟುಡಿಯೋದವನು ತಲೆ ತಗ್ಗಿಸಿಕೊಂಡು ಮುಂದೆ ಬಂದ. ದಿನಾ ಮಧ್ಯಾಹ್ನ ಸ್ಟುಡಿಯೋ ಬಾಗಿಲು ಹಾಕಿ ಕತ್ತಲೆಕೋಣೆಯಲ್ಲಿ ನಿದ್ದೆ ಹೊಡೆಯುವವನೆಂದು ಊರಿಗೆಲ್ಲ ಹೆಸರಾದ ಆಸಾಮಿ. ಅವನೂ ಆ ಒಂದು ಗಂಟೆಗೆ ತಲೆ ಚಚ್ಚಿಕೊಂಡು ಸೋತವನೇ.

"ಕ್ಷಮ್ಸಿಬಿಡಿ ಎಲ್ರೂ," ಎಂದ. "ಸುತ್ತು ಮುಗ್ಸಿ ಹೋದೋನು ಮಲಗ್ಬಿಟ್ಟೆ. ಬಿಲ್ಲೆ ಜೇಬಲ್ಲೇ ಇತ್ತು. ಸೈರನ್ ಕೇಳಿ ಓಡಿಬಂದು ಮೊಳೆಗೆ ಹಾಕ್ದೆ. ಹೇಳೋಕೆ ನಾಚಿಕೆ ಆಯ್ತು."

ಹಾಗೆ ಮಲಗುವವನು ಅವನೊಬ್ಬನೇ ಆದ್ದರಿಂದ ಎಲ್ಲರೂ ನಂಬಿದರು. ತಾತ ಅವನ ಕಿವಿ ಹಿಂಡಿ ಆಮೇಲೆ ತಬ್ಬಿಕೊಂಡ. ಬೇಕರಿ ಅಕ್ಕ ತಂಡದ ಪಟ್ಟಿಯಲ್ಲಿ ಉಳಿದಿದ್ದ ಕೊನೆಯ ಜಾಗಕ್ಕೆ ಅವನ ಹೆಸರು ಬರೆದಳು.

"ನೋಡಿದ್ರಾ," ಎಂದಳು ಹೆಂಡತಿ, ಟೈಲರನ ಮೊಣಕೈ ಹಿಡಿದು. "ಇಷ್ಟು ಜನರ ಮುಂದೆ ತಪ್ಪು ಒಪ್ಕೋಬೇಕು ಅಂದ್ರೆ ಎದೆ ಬೇಕು. ಹೋಗಿ ಕೈ ಕೊಡಿ ರೀ, ನೀವು ಬೇರೆ ಸುಮ್ನೆ ಬೈದ್ರಿ ಅವರನ್ನ."

ಟೈಲರ್ ಹೋಗಿ ಕೈ ಕೊಟ್ಟ. ಸ್ಟುಡಿಯೋದವನು ಆ ಕೈಯನ್ನು ಎರಡೂ ಕೈಯಲ್ಲಿ ಹಿಡಿದು, ಕಿವಿಯ ಹತ್ತಿರ ಬಾಗಿದ.

"ನೀವು ಮೊಳೆಗೆ ಹಾಕಿದ್ದು ನೋಡ್ದೆ ಅಣ್ಣಾ," ಎಂದು ಮೆಲ್ಲಗೆ ಹೇಳಿದ. "ಎಷ್ಟೋ ಹೊತ್ತು ಕಾದೆ, ದೇವ್ರಾಣೆ. ನೀವು ಬಾಯೇ ಬಿಡ್ಲಿಲ್ಲ. ಅಷ್ಟು ಒಳ್ಳೆ ಐವತ್ತೇಳು ನಿಮಿಷ, ಸುಮ್ನೆ ಹಾಳಾಗುತ್ತಲ್ಲ ಅಂತ..."

ಟೈಲರ್ ಕೈ ಬಿಡಿಸಿಕೊಂಡ.

"ಏನಂತೆ ರೀ?" ಎಂದು ಹೆಂಡತಿ ಹಿಂದಿನಿಂದ ಕೇಳಿದಳು.

"ಭಾನುವಾರ," ಎಂದ ಟೈಲರ್, ತಿರುಗದೆ, "ಎಷ್ಟು ಗಂಟೆಗೆ ಹೊರಡೋದು ಅಂತ ಕೇಳ್ತಿದಾರೆ."