ಭಾವನ ಬೆಂಚಿನ ಚುನಾವಣೆ

ಇಡೀ ರಾಟರ್‌ಡ್ಯಾಮಿನಲ್ಲಿ ಒಂದು ಬೆಂಚಿಗಾಗಿ ಚುನಾವಣೆಗೆ ನಿಂತವರು ಯಾರಾದರೂ ಇದ್ದರೆ ಅದು ನನ್ನ ಭಾವ! ನಗರಸಭೆಯಲ್ಲಿ ತಾವು ಕೂರುವ ಆಸೆ ಅವರಿಗೆ ಎಳ್ಳಷ್ಟೂ ಇರಲಿಲ್ಲ. ನಮ್ಮ ಬೀದಿಯ ಟ್ರಾಮ್ ಸ್ಟಾಪಿನಲ್ಲಿ ಜನ ಕೂರುವಂತಾಗಬೇಕು, ಅಷ್ಟೇ. ಅಲ್ಲಿದ್ದ ಬೆಂಚನ್ನು ರಸ್ತೆ ರಿಪೇರಿಯ ಹೊತ್ತಿಗೆ ಕಿತ್ತವರು ಮತ್ತೆ ಹಾಕಲೇ ಇಲ್ಲ. ಮಂಡಿನೋವಿನ ನಮ್ಮಕ್ಕ ದಿನಾ ಕಂಬಕ್ಕೆ ಒರಗಿ ನಿಲ್ಲುವುದನ್ನು ಭಾವ ನೋಡಿದರು, ನಗರಸಭೆಗೆ ಬರೆದರು. "ಪರಿಶೀಲಿಸುತ್ತೇವೆ" ಎಂದು ಉತ್ತರ ಬಂತು. ಉಡುಪಿಯವರನ್ನು ಕೆಣಕಿದರೆ ಸುಮ್ಮನಿರುತ್ತಾರೆಯೇ? 2018ರ ಚುನಾವಣೆಯಲ್ಲಿ ಒಂದು ಪುಟ್ಟ ಪಕ್ಷದ ಪಟ್ಟಿಯ ಕಟ್ಟಕಡೆಯ ಹೆಸರಾಗಿ ನಿಂತೇಬಿಟ್ಟರು. ಇಲ್ಲಿ ವಾರ್ಡುಗಳಿಲ್ಲ; ಪಟ್ಟಿಯಲ್ಲಿ ಬೇಕಾದ ಹೆಸರಿಗೆ ಇಡೀ ಊರಿನವರು ಓಟು ಹಾಕಬಹುದು.

"ಗೆದ್ರೆ ಮನೆಗೆ ಬರುವವ್ರಿಗೆಲ್ಲ ದೋಸೆ ಹೊಯ್ಯುವವಳು ನಾನು. ನನ್ನ ಓಟು ನಿಮಗಿಲ್ಲ ಮಾರಾಯ್ರೆ," ಎಂದಳು ಅಕ್ಕ.

ಪ್ರಚಾರವೆಲ್ಲ ಉಡುಪಿಯ ಕ್ರಮದಲ್ಲೇ. ಸಂಜೆ ಆರಕ್ಕೆ, ಡಚ್ಚರು ಊಟಕ್ಕೆ ಕೂರುವ ಹೊತ್ತಿಗೆ ಸರಿಯಾಗಿ, ಭಾವ ಮನೆಮನೆಯ ಬೆಲ್ ಒತ್ತಿ ಕೈಮುಗಿಯುತ್ತಿದ್ದರು. ಪಕ್ಕದ ಮನೆಯ ಅಜ್ಜಿ ಬಾಯಲ್ಲಿದ್ದ ಆಲೂಗಡ್ಡೆ ನುಂಗಿ, ಡೈರಿ ತೆರೆದು, ಮುಂದಿನ ತಿಂಗಳಿಗೆ ಸಮಯ ಕೊಟ್ಟಳು. ಅಷ್ಟರಲ್ಲಿ ಚುನಾವಣೆಯೇ ಮುಗಿದಿರುತ್ತದೆ!

"ನಮ್ಮವ್ರು ಇದ್ದಾರಲ್ಲ," ಎಂದು ಭಾವ ಕನ್ನಡಿಗರ ಯುಗಾದಿ ಕೂಟದಲ್ಲಿ ಮೈಕ್ ಹಿಡಿದರು. ಎಲ್ಲರಿಗೂ ಅವರೇ ಕರಿದು ತಂದ ಗೋಳಿಬಜೆ. ಚಪ್ಪಾಳೆಯೋ ಚಪ್ಪಾಳೆ! "ಸರ್, ನಿಮ್ಗೇ ಫುಲ್ ಸಪೋರ್ಟ್," ಎಂದ ಬೆಂಗಳೂರಿನ ಹುಡುಗರಿಗೆ ಲೆಕ್ಕವಿಲ್ಲ. ಕೈತೊಳೆಯುವಾಗ ನಾನು ಮೆಲ್ಲಗೆ ಹೇಳಿದೆ: "ಭಾವ, ಬಂದು ಐದು ವರ್ಷ ಆಗದೆ ಇಲ್ಲಿ ನಮಗೆ ಓಟಿಲ್ಲ ಅಲ್ವಾ? ಇವ್ರೆಲ್ಲ ನನ್ನ ಹಾಗೆ ಮೊನ್ನೆ ಮೊನ್ನೆ ಬಂದವ್ರು."

ಭಾವ ಖಾಲಿ ಪಾತ್ರೆಯನ್ನೇ ನೋಡಿದರು. "ಇದನ್ನ ಬಜೆ ಕಾಯಿಸುವ ಮೊದ್ಲು ಹೇಳ್ಬಾರ್ದಿತ್ತಾ?"

ಮತಗಟ್ಟೆವಾರು ಫಲಿತಾಂಶ ಬಂದ ದಿನ ರಜೆ ಹಾಕಿ ಕಂಪ್ಯೂಟರಿನ ಮುಂದೆ ಕುಳಿತರು. ನಮ್ಮ ಮತಗಟ್ಟೆಯಲ್ಲಿ ಅವರಿಗೆ ಒಂದು ಓಟು. "ಅದು ನಂದೇ," ಎಂದರು. ಆಮೇಲೆ ಎಲ್ಲಿ ನೋಡಿದರೂ ಸೊನ್ನೆ. ಕೊನೆಗೆ ಊರಿನ ಆಚೆ ತುದಿಯ ಆಸ್ಪತ್ರೆಯ ಮತಗಟ್ಟೆಯಲ್ಲಿ ಇನ್ನೊಂದು ಸಿಕ್ಕಿತು.

"ಅಲ್ಲಿ ನಂಗೆ ಯಾರು ಗುರ್ತ ಮಾರಾಯ?"

ನಾನು ಅಡುಗೆಮನೆಯತ್ತ ನೋಡಿದೆ. ಇಲ್ಲಿ ಊರೊಳಗಿನ ಯಾವ ಮತಗಟ್ಟೆಯಲ್ಲಾದರೂ ಓಟು ಹಾಕಬಹುದು. ಚುನಾವಣೆಯ ದಿನ ಅಕ್ಕ ಮಂಡಿ ತೋರಿಸಲು ಹೋದದ್ದು ಅದೇ ಆಸ್ಪತ್ರೆಗೆ. ಅಕ್ಕ ಸೌಟು ತಿರುವುತ್ತಲೇ, "ಅಲ್ಲಿ ಕ್ಯೂ ಇರ್ಲಿಲ್ಲ, ಹಾಕಿ ಬಂದೆ," ಎಂದಳು. ಭಾವನ ಕಣ್ಣು ತುಂಬಿ ಬಂತು. ನನ್ನದೂ.

ಮರುದಿನ ಬೆಳಿಗ್ಗೆ ಭಾವ ಮಡಚುವ ಕುರ್ಚಿಯೊಂದನ್ನು ಹೆಗಲಿಗೇರಿಸಿ ಅಕ್ಕನ ಜೊತೆ ಹೊರಟರು. ಟ್ರಾಮ್ ಸ್ಟಾಪಿನಲ್ಲಿ ಅದನ್ನು ಬಿಡಿಸಿ, ಅಕ್ಕನನ್ನು ಕೂರಿಸಿ, ತಾವು ಪಕ್ಕದಲ್ಲಿ ನಿಂತರು.

"ಎಲ್ಲ ನಮ್ಮನ್ನೇ ನೋಡ್ತಿದ್ದಾರೆ," ಎಂದಳು ಅಕ್ಕ.

"ನೋಡ್ಲಿ. ಬೆಂಚು ಬರುವವರೆಗೆ ದಿನಾ ತರ್ತೇನೆ. ನಂಗೆ ಓಟು ಹಾಕಿದವ್ರಲ್ಲಿ ಅರ್ಧ ಜನ ಆದ್ರೂ ಕೂತ್ರಲ್ಲ."