ಹುಳಕ್ಕೆ ಜ್ವರ, ನಮಗೆ ಕಡಲು

ವ್ಯಾನು ಇಟ್ಟುಕೊಂಡವನ ಬಾಳಿನಲ್ಲಿ ನಗೆಪಾಟಲಿಗೆ ಬರವಿಲ್ಲ. ಅದರಲ್ಲೂ ಗೂಡು ಸಾಗಿಸುವ ವ್ಯಾನಿನಲ್ಲಿ ಹೆಂಡತಿಯನ್ನು ಕೂರಿಸಿಕೊಂಡು ದೇಶ ನೋಡಲು ಹೊರಟವನಿಗೆ ಒಂದಲ್ಲ ಒಂದು ಆಗುತ್ತಲೇ ಇರುತ್ತೆ. ರೇಷ್ಮೆಗೂಡಿಗೆ ಚಿನ್ನದ ಬೆಲೆ ಬಂದಿದ್ದ ಕಾಲ ಅದು. ತಿಪ್ಪಸಂದ್ರದ ಸುತ್ತ ಹುಳ ಸಾಕದ ಮನೆಯೇ ಇರಲಿಲ್ಲ. ಊರವರ ಗೂಡನ್ನೆಲ್ಲ ತುಂಬಿಕೊಂಡು ರಾಮನಗರದ ಮಾರ್ಕೆಟ್ಟಿಗೆ ಸೇರಿಸುವುದು ನನ್ನ ಕಸುಬು. ಮನೆಯಲ್ಲಿ ಹುಳ ನೋಡಿಕೊಳ್ಳುವುದು ನನ್ನವಳ ಪಾಲು. ನಂಟಸ್ತಿಕೆಯಲ್ಲೇ ತಂದುಕೊಂಡ ಹೆಣ್ಣು, ನನ್ನನ್ನು ಮಾವ ಅಂತಲೇ ಕರೆಯುತ್ತಾಳೆ.

ದೊರೆಸಾನಿಯ ಒಲೆ

ಒಂದು ದಿನ ಅವಳೂ ನನ್ನ ಜೊತೆ ರಾಮನಗರಕ್ಕೆ ಬಂದಿದ್ದಳು. ಬಂಡೆಗಳ ಬುಡದಲ್ಲಿ ಒಂದು ಪರದೇಶದ ವ್ಯಾನು ನಿಂತಿತ್ತು. ಬಿಳಿ ಗಂಡ ಹೆಂಡತಿ, ಹಗ್ಗ ಕಟ್ಟಿಕೊಂಡು ಬಂಡೆ ಹತ್ತೋಕೆ ಬಂದವರು. ನನ್ನವಳು ಸುಮ್ಮನೆ ಇಣುಕಿದ್ದೇ ತಡ, ಆ ದೊರೆಸಾನಿ ನಗುತ್ತಾ ಬಾಗಿಲು ತೆಗೆದು ಒಳಗೆ ಕರೆದಳು. ಒಳಗೆ ಹಾಸಿಗೆ, ಒಲೆ, ಪರದೆ, ಎಲ್ಲ ಇತ್ತು. ಗೋಡೆಗೆ ಒಂದು ಫೋಟೊ ಅಂಟಿಸಿದ್ದರು. ಅದರಲ್ಲಿ ಅದೇ ವ್ಯಾನು ಕಡಲ ದಡದಲ್ಲಿ ನಿಂತಿದೆ, ಹಿಂದೆ ಬರೀ ನೀರು.

ಊರಿಗೆ ವಾಪಸ್ಸು ಬರುವಾಗ ಮಾಗಡಿವರೆಗೂ ತಿರುತಿರುಗಿ ನಮ್ಮ ವ್ಯಾನಿನ ಹಿಂಭಾಗವನ್ನೇ ನೋಡುತ್ತಿದ್ದಳು. ಆಮೇಲೆ, "ಮಾವ, ನಮ್ದೂ ವ್ಯಾನೇ ಅಲ್ವಾ?" ಅಂದಳು.

"ವ್ಯಾನೇನೋ ಹೌದು. ಅವರಿಗೇನು, ಮನೇಲಿ ಹುಳ ಇಲ್ಲ," ಅಂದೆ.

"ಅದ್ಕೇಯಾ ಮತ್ತೆ," ಅಂದಳು ಕನಿಕರದಿಂದ. "ಪಾಪ, ಮಾಡಾಕ್ ಕೆಲ್ಸ ಇಲ್ದೆ ಬಂಡೆ ಹತ್ತಾವ್ರೆ."

ತಮಾಷೆ ಮಾಡಿದಳು ನಿಜ. ಆದರೆ ಅವತ್ತಿನಿಂದ ಅವಳಿಗೆ ಕಡಲಿನ ಹುಚ್ಚು ಹತ್ತಿತು. ಮದುವೆಯಾಗಿ ಬಂದಾಗಿನಿಂದ ತೌರಲ್ಲೂ ಎರಡು ರಾತ್ರಿ ನಿಂತವಳಲ್ಲ, ಹುಳ ಬಿಟ್ಟು ಹೋಗೋದು ಹೇಗೆ? ಅವಳನ್ನು ಒಂದು ಸಲ ಕಡಲಿನ ಮುಂದೆ ನಿಲ್ಲಿಸಬೇಕು ಅಂತ ನನಗೂ ಆಸೆ ಹುಟ್ಟಿತು.

ಬಡಗಿ ಕೊಟ್ಟ ಮಂಚ

ವ್ಯಾನಿನೊಳಗೆ ಮಲಗೋಕೆ ಮಂಚ ಆಗಬೇಕು ಅಂತ ನಮ್ಮೂರ ಬಡಗಿಯನ್ನು ಕರೆದೆ. ಐದಾರು ವರ್ಷದಿಂದ ಆತ ಹುಳದ ತಟ್ಟೆ ಇಡುವ ಸ್ಟ್ಯಾಂಡು ಬಿಟ್ಟು ಬೇರೇನೂ ಮಾಡಿದವನಲ್ಲ. ನನ್ನನ್ನು ವ್ಯಾನಿನಲ್ಲಿ ಮಲಗಿಸಿ ಉದ್ದ ಅಳೆದ. ಅಗಲ ಅಳೆದ. ಎತ್ತರ ಮಾತ್ರ ಅಳೆಯಲಿಲ್ಲ, ಅದು ಅವನಿಗೆ ಬಾಯಿಪಾಠ.

ವಾರಕ್ಕೆ ಮಂಚ ಬಂತು. ಐದು ಅಂತಸ್ತು. ಒಂದೊಂದಕ್ಕೂ ನಡುವೆ ಒಂದು ಗೇಣು ಜಾಗ. ಕಾಲುಗಳ ಕೆಳಗೆ ಇರುವೆ ಹತ್ತದಂತೆ ನೀರು ತುಂಬಿದ ನಾಲ್ಕು ಬಟ್ಟಲು ಬೇರೆ. ಹೇಗಿದೆ ನೋಡೋಣ ಅಂತ ಒಂದು ಸುತ್ತು ಹೊರಟರೆ, ಊರಾಚೆ ಮೊದಲ ಹಳ್ಳ ಸಿಕ್ಕಿದ ಕೂಡಲೇ ಆ ನೀರೆಲ್ಲ ನಮ್ಮ ಹೊದಿಕೆ ಮೇಲಿತ್ತು.

ವಾಪಸ್ಸು ಬಂದು, "ಏನ್ಲಾ ಇದು, ಇದ್ರಲ್ಲಿ ಮಗ್ಗುಲು ಬದ್ಲಾಯ್ಸೋದು ಎಂಗ್ಲಾ?" ಅಂತ ಕೇಳಿದೆ.

ಅವನು ಬೀಡಿ ಆರಿಸಿ ಹೇಳಿದ: "ಇಷ್ಟ್ ವರ್ಸ ಆಯ್ತು ಕಣ್ಲಾ, ಒಂದ್ ಹುಳಾನೂ ಬಂದು ದೂರು ಯೋಳಿಲ್ಲ."

ಬೈದು ಮೂರು ಅಂತಸ್ತು ಕೀಳಿಸಿದೆ. ಅಟ್ಟದಲ್ಲಿದ್ದ ಹಳೇ ಸೀರೆ ಪರದೆಯಾಯಿತು, ಸೀಮೆಎಣ್ಣೆ ಸ್ಟೌವ್ ಒಂದು ಮೂಲೆ ಹಿಡಿಯಿತು. ಗೂಡಿನ ವಾಸನೆಗೆ ಮಾತ್ರ ಏನೂ ಮಾಡೋಕಾಗಲಿಲ್ಲ. ಸೀಗೇಕಾಯಿ ಹಾಕಿ ತೊಳೆದೆವು, ಸಾಂಬ್ರಾಣಿ ಹಾಕಿದೆವು. ಸಾಂಬ್ರಾಣಿಯೂ ಗೂಡಿನ ವಾಸನೆ ಹೊಡೆಯತೊಡಗಿತು.

ಉಪ್ಪು ಒಸಿ ಕಮ್ಮಿ

ಇನ್ನು ಹೋಗೋದು ಯಾವಾಗ? ಬೆಳೆ ಬಂದ ಮೇಲೆ ಊರ ಗೂಡೆಲ್ಲ ನನ್ನ ವ್ಯಾನಿಗೆ, ಹುಳದ ಮನೆ ತೊಳೆಯುವ ಕೆಲಸ ಅವಳಿಗೆ. ಅಷ್ಟರಲ್ಲಿ ಮುಂದಿನ ಮೊಟ್ಟೆ ಬಂದಿರುತ್ತೆ. ಬಿಡುವು ಅಂತ ಇದ್ದರೆ ಹುಳಕ್ಕೆ ಜ್ವರ ಬಂದಾಗ ಮಾತ್ರ. ಜ್ವರ ಅಂದರೆ ಕಾಯಿಲೆ ಅಲ್ಲ. ಹುಳ ಪೊರೆ ಬಿಡುವ ಹೊತ್ತು, ಆಗ ಹಿಪ್ಪುನೇರಳೆ ಸೊಪ್ಪು ಮುಟ್ಟೋದಿಲ್ಲ. ನಾಲ್ಕನೇ ಜ್ವರ ದೊಡ್ಡದು, ಒಂದು ಹಗಲು ಒಂದು ರಾತ್ರಿ ಸಿಗುತ್ತೆ. ನಮ್ಮವ್ವ, "ಹುಳ ಮಲ್ಗಿರೋಗಂಟ ನಾನ್ ಕಾಯ್ತೀನಿ. ಎದ್ದ ಮ್ಯಾಕೆ ಸೊಪ್ಪು ಹೆಚ್ಚಾಕೆ ನನ್ ಕೈಲಾಗಾಕಿಲ್ಲ," ಅಂತ ಮೊದಲೇ ಹೇಳಿಬಿಟ್ಟಿದ್ದಳು. ಅಷ್ಟರೊಳಗೆ ಕಡಲು ಮುಟ್ಟಿ ವಾಪಸ್ಸು ಬರಬೇಕು.

ಮೊದಲ ಸಲ ಹೊರಟಾಗ ಚನ್ನರಾಯಪಟ್ಟಣ ದಾಟಿ ಒಂದು ಮರದ ನೆರಳಲ್ಲಿ ನಿಲ್ಲಿಸಿದೆವು. ಅವಳು ವ್ಯಾನಿನ ಹಿಂದಿನ ಬಾಗಿಲು ತೆಗೆದು ದೊರೆಸಾನಿಯ ಹಾಗೇ ಒಲೆ ಹಚ್ಚಿ ಉಪ್ಪಿಟ್ಟಿಗೆ ಒಗ್ಗರಣೆ ಹಾಕಿದಳು. ಘಮ ಹೋದದ್ದೇ ತಡ, ಹೊಲದಿಂದ ಇಬ್ಬರು ಬಂದು ಸಾಲಾಗಿ ಕೂತರು. ಅವರ ಹಿಂದೆಯೇ ಬಸ್ಸಿಗೆ ಕಾಯುತ್ತಿದ್ದವರು ಬಂದರು. ಹೋಟ್ಲು ವ್ಯಾನು ಅಂದುಕೊಂಡಿದ್ದಾರೆ. ಹಸಿದು ಬಂದು ಕೂತವರನ್ನು ಏಳಿ ಅನ್ನೋಕೆ ಅವಳಿಗೆ ಬಾಯಿ ಬರಲಿಲ್ಲ. ಮತ್ತೆ ರವೆ ಹುರಿದಳು, ಮತ್ತೆ ಈರುಳ್ಳಿ ಹೆಚ್ಚಿದಳು. ಹನ್ನೊಂದು ಜನ ಉಂಡೆದ್ದಾಗ ಹೊತ್ತು ನೆತ್ತಿ ದಾಟಿ ಇಳಿದಿತ್ತು. ಕಡಲಿಗೆ ಹೊತ್ತಿಲ್ಲ, ವ್ಯಾನು ತಿರುಗಿಸಿದೆ.

ಬಾಯಿ ಒರೆಸಿಕೊಳ್ಳುತ್ತಿದ್ದ ಮುದುಕರೊಬ್ಬರು ಕಿಟಕಿಗೆ ಬಂದು, "ನಾಳಿಕ್ ಬಂದಾಗ ಉಪ್ಪು ಒಸಿ ಮುಂದಾಗಿ ಹಾಕವ್ವ," ಅಂದರು.

ಘಾಟಿಯ ತಲೆಯಲ್ಲಿ

ಎರಡನೇ ಸಲ ಹುಳಗಳೇ ಸತಾಯಿಸಿದವು. ಎಲ್ಲ ಮಲಗಿದರೂ ಒಂದು ತಟ್ಟೆ ಹುಳ ಬೆಳಗ್ಗೆ ಹತ್ತು ಗಂಟೆವರೆಗೂ ಸೊಪ್ಪು ತಿನ್ನುತ್ತಲೇ ಇದ್ದವು. ಹಾಗಾಗಿ ಸಕಲೇಶಪುರ ಬಿಟ್ಟು ಘಾಟಿಯ ತಲೆಗೆ ಬರುವಾಗಲೇ ಹೊತ್ತು ವಾಲಿತ್ತು. ಇಳಿದರೆ ಬೆಳಗಿನ ಸೊಪ್ಪಿಗೆ ಊರು ಸೇರೋಕಾಗಲ್ಲ.

"ಹೋಗೇಬುಡಾಣ, ಆದದ್ದಾಗ್ಲಿ," ಅಂದೆ.

ಅವಳು ಇಳಿದು ರಸ್ತೆ ಪಕ್ಕ ನಿಂತು ಕೆಳಗೆ ನೋಡಿದಳು. ಕಂಡದ್ದು ಬರೀ ಕಾಡು. "ಬ್ಯಾಡ ಮಾವ. ಹುಳ ಹಸ್ದು ಎದ್ದು ಸೊಪ್ಪು ಸಿಕ್ದೆ ತಲೆ ಆಡಿಸ್ತವೆ. ನಂಗೆ ಅದೇ ಕಣ್ಮುಂದೆ ಬತ್ತದೆ," ಅಂದಳು. ಕಣ್ಣಲ್ಲಿ ನೀರಿತ್ತು. ನಾನು ಆ ಹುಳಗಳನ್ನೂ ಆ ಕಾಲವನ್ನೂ ಶಪಿಸಿದೆ.

ಅಷ್ಟರಲ್ಲಿ ಮಂಗಳೂರಿನಿಂದ ಹತ್ತಿ ಬಂದ ಲಾರಿಯೊಂದು ಇಂಜಿನ್ನಿಗೆ ನೀರು ಹಾಕೋಕೆ ನಿಂತಿತು. ನನ್ನವಳು ನೇರ ಡ್ರೈವರ್ ಹತ್ರ ಹೋಗಿ, "ಅಣ್ಣಾ, ಕಡಲು ಎಂಗೈತೆ?" ಅಂತ ಕೇಳಿದಳು, ತೌರಿನವರ ಕ್ಷೇಮ ಕೇಳುವ ಹಾಗೆ.

ಆತ ಇವಳನ್ನು ಅಡಿಯಿಂದ ಮುಡಿವರೆಗೆ ನೋಡಿ, "ಅಲ್ಲೇ ಐತೆ ಕಣಮ್ಮ, ಎಲ್ಲಿಗೋಯ್ತದೆ?" ಅಂದ.

ಕೊನೆಗೂ

ಆಮೇಲೆ ಪುಷ್ಯಮಾಸದ ಬೆಳೆಗೆ ಕಾದೆವು. ಚಳಿಗೆ ಜ್ವರ ನಿಧಾನವಾಗಿ ಬಿಡುತ್ತೆ, ಅರ್ಧ ದಿನ ಹೆಚ್ಚು ಸಿಗುತ್ತೆ. ಹಿಂದಿನ ಸಂಜೆಗೇ ಹುಳ ಮಲಗಿದವು. ಕೋಳಿ ಕೂಗುವಾಗ ಹೊರಟೆವು. ಹಾದಿಯಲ್ಲಿ ಒಲೆ ಹಚ್ಚಲಿಲ್ಲ, ರೊಟ್ಟಿ ಕಟ್ಟಿಕೊಂಡಿದ್ದೆವು. ಘಾಟಿ ಇಳಿದು ತೆಂಗಿನ ತೋಟಗಳು ಶುರುವಾದಾಗ, "ಒಸಿ ಬೆನ್ನು ಊರ್ತೀನಿ ಮಾವ, ಕಡಲು ಬಂದೇಟ್ಗೆ ಎಬ್ಸು," ಅಂತ ಹಿಂದೆ ಹೋಗಿ ಮಲಗಿದಳು. ವಾರದಿಂದ ರಾತ್ರಿಯೆಲ್ಲ ಸೊಪ್ಪು ಹೆಚ್ಚಿ ಅವಳ ಕಣ್ಣು ಕೆಂಪಗಾಗಿದ್ದವು.

ಮಧ್ಯಾಹ್ನ ಎರಡಕ್ಕೆ ಮರಳಿನ ಅಂಚಿಗೆ ವ್ಯಾನು ನಿಲ್ಲಿಸಿದೆ. ನಮಗೆ ಇದ್ದದ್ದು ಎರಡು ಗಂಟೆ. ಹಿಂದೆ ಹೋಗಿ, "ಏಳೇ, ಬಂತು," ಅಂದೆ. ಅಲುಗಾಡಿಸಿದೆ.

"ಸೊಪ್ಪು ಹಾಕಾಯ್ತು, ಬುಡು," ಅಂತ ಮಗ್ಗುಲಾದಳು.

ಮೊದಲು ನಗು ಬಂತು. ಆಮೇಲೆ ಕೈ ಹಿಂದಕ್ಕೆ ತೆಗೆದುಕೊಂಡೆ. ಮದುವೆಯಾದ ಮೇಲೆ ಅವಳು ಹಗಲಲ್ಲಿ ಮಲಗಿದ್ದನ್ನೇ ನಾನು ಕಂಡಿರಲಿಲ್ಲ, ಈಗ ಬಾಯಿ ಒಸಿ ತೆರೆದು, ಕೈಕಾಲು ಚೆಲ್ಲಿ ಮಲಗಿದ್ದಳು. ಇನ್ನು ಹತ್ತು ನಿಮಿಷ ಮಲಗಲಿ ಅಂದುಕೊಂಡೆ. ಆಮೇಲೆ ಇನ್ನೊಂದು ಹತ್ತು. ಹೀಗೇ ನಾಲ್ಕು ಗಂಟೆ ಆಯಿತು. ಹೊರಡಲೇಬೇಕು. ಎಬ್ಬಿಸೋಕೆ ಅಂತ ಭುಜ ಮುಟ್ಟಿದೆ, ಮನಸ್ಸು ಬರಲಿಲ್ಲ. ಹೊದಿಕೆ ಸರಿಮಾಡಿ ವ್ಯಾನು ತಿರುಗಿಸಿಬಿಟ್ಟೆ.

ಘಾಟಿಯ ತಿರುವುಗಳು ಶುರುವಾದಾಗ ಎದ್ದು ಮುಂದೆ ಬಂದು ಕೂತಳು. "ಮಾವ, ಕಡಲು ಬಂತಾ?"

"ಬಂದು ಹೋಯ್ತು."

ಅವಳು ಅತ್ತಳು, ಬೈದಳು, ನನ್ನ ವಂಶವನ್ನೆಲ್ಲ ಜಾಲಾಡಿದಳು. ಹಾಸನ ಬರುವ ಹೊತ್ತಿಗೆ ಸುಸ್ತಾಗಿ, "ನೀನಾರಾ ಕಣ್ತುಂಬ ನೋಡುದ್ಯಾ?" ಅಂತ ಕೇಳಿದಳು.

"ಎಲ್ಲಿ ನೋಡ್ಲಿ? ನಿನ್ ಮೊಕ, ಕೈ ಗಡಿಯಾರ, ಅವೆರಡನ್ನೇ ನೋಡ್ತಾ ಕೂತಿದ್ದೆ."

ಆಮೇಲೆ ನನ್ನ ಭುಜಕ್ಕೆ ತಲೆ ಒರಗಿಸಿದಳು. ಊರು ಸೇರಿದಾಗ ಹುಳ ಇನ್ನೂ ಎದ್ದಿರಲಿಲ್ಲ.

ಬೆಳಗಾಗುತ್ತಿದ್ದಂತೆ ಬೀದಿಯ ಹೆಂಗಸರೆಲ್ಲ ಸೊಪ್ಪಿನ ಮಂಕರಿ ಹೊತ್ತವರು ಹಾಗೇ ನಮ್ಮ ಜಗಲಿಗೆ ಬಂದರು. ಎಲ್ಲರ ಕಣ್ಣೂ ಕೆಂಪು. "ಕಡಲು ಎಂಗಿತ್ತವ್ವ?" ಅಂತ ಕೇಳಿದರು. ಇವಳು ಏನು ಹೇಳುತ್ತಾಳೋ ಅಂತ ನಾನು ಒಳಗೇ ಅವಿತುಕೊಂಡೆ.

"ಏನ್ ಯೋಳ್ಲಿ ಅಕ್ಕಾ," ಅಂದಳು ನನ್ನವಳು, "ಒಳ್ಳೆ ನಿದ್ದೆ ಬತ್ತದೆ."

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಿರಿಯಳೊಬ್ಬಳು ಮಂಕರಿ ಕೆಳಗಿಟ್ಟು ಬಾಗಿಲ ಹತ್ತಿರ ಬಂದು ನನ್ನನ್ನು ಕೂಗಿದಳು: "ಮುಂದ್ಲ ಜ್ವರಕ್ಕೆ ನಮ್ಮನ್ನೂವೆ ಒಂದ್ಸಲ ಕರ್ಕಂಡೋಗಪ್ಪ."

"ಕಡಲು ನೋಡಾಕಾ ಅಜ್ಜಿ?" ಅಂದೆ.

"ಕಡಲು ಯಾರಿಗ್ ಬೇಕ್ಲಾ," ಅಂದಳು ಅಜ್ಜಿ. "ಮಲಗ್ಕಳಾಕೆ."