ರೋರಿ ಮುತ್ತಜ್ಜನ ಚರ್ಮದ ಪುಸ್ತಕ

ಎಫೀ ಅತ್ತೆಯ ಫೋನು ಬಂದಾಗ ಫರ್ಕರ್ ಮೆಕಾಸ್ಕಿಲ್ ಬೆಳಗಿನ ಓಟ್ಸ್ ಗಂಜಿ ಕುಡಿಯುತ್ತಿದ್ದ. ಮಧ್ಯಾಹ್ನ ಅವನ ಮನೆಯಲ್ಲಿ ಸೇರುವ ಕುಟುಂಬದ ಕೂಟಕ್ಕೆ ತಾನೊಬ್ಬಳೇ ಬರುತ್ತಿಲ್ಲ, ಪಟ್ಟಣದ ಶಾಲೆಯ ಹೊಸ ಟೀಚರು ಮಿಸ್ ನಿಕಲ್ಸನ್ ಕೂಡ ಬರುತ್ತಾಳೆ ಎಂದಳು ಅತ್ತೆ. ಆಕೆಯದು ರೋರಿ ಮುತ್ತಜ್ಜ ಹಡಗು ಹತ್ತಿ ಬಿಟ್ಟುಬಂದ ಸ್ಕೈ ದ್ವೀಪವಂತೆ. ಮುತ್ತಜ್ಜ ತನ್ನ ದ್ವೀಪದ ಗೇಲಿಕ್ ಭಾಷೆಯಲ್ಲಿ ಬರೆದ ದಿನಚರಿಯನ್ನು ಅತ್ತೆ ಸಾಯುವ ಮುಂಚೆ ಒಂದು ಸಲ ಆ ದ್ವೀಪದವರ ಬಾಯಲ್ಲೇ ಕೇಳಬೇಕಂತೆ.

ಆ ಕಣಿವೆಯ ಏಳು ಮನೆಗಳಿಗೂ ಒಂದೇ ಫೋನ್ ತಂತಿ; ಒಬ್ಬರ ಮಾತನ್ನು ಯಾರು ಬೇಕಾದರೂ ಕದ್ದು ಕೇಳಬಹುದಿತ್ತು. ಫರ್ಕರ್ ರಿಸೀವರ್ ಕೆಳಗಿಡುವಷ್ಟರಲ್ಲಿ ಏಳು ಮನೆಗೂ ಸುದ್ದಿ ಮುಟ್ಟಿತ್ತು.

ಅವನು ಗಂಜಿಯ ಬಟ್ಟಲನ್ನು ಪಕ್ಕಕ್ಕೆ ತಳ್ಳಿದ. ಕಾರಣ ಇಷ್ಟೇ: ಫರ್ಕರ್‌ಗೆ ಗೇಲಿಕ್ ಬರುತ್ತಿರಲಿಲ್ಲ. ಕುರಿ ಕಾಯುವ ನಾಯಿಗೆ ಹೇಳುವ ಎಂಟು ಮಾತು ಬಿಟ್ಟರೆ ಒಂದಕ್ಷರವೂ ಗೊತ್ತಿರಲಿಲ್ಲ. ಹದಿನಾರು ವರ್ಷದ ಹಿಂದೆ ಅಪ್ಪ ತೀರಿಕೊಂಡು ಆ ದಿನಚರಿಯ ಚರ್ಮದ ಪುಸ್ತಕ ಇವನ ಕೈಗೆ ಬಂದಾಗ ನೆಂಟರೆಲ್ಲ ಓದಿ ಹೇಳು ಅಂದರು. ಇಲ್ಲ ಅನ್ನಲು ನಾಚಿಕೆಯಾಗಿ ಪುಟ ತೆರೆದು ಬಾಯಿಗೆ ಬಂದದ್ದನ್ನು ಹೇಳಿದ. ಹಡಗಿನಲ್ಲಿ ಬಿರುಗಾಳಿ, ಬಂದು ನೆಲೆಸಿದ ಈ ಸೌತ್‌ಲ್ಯಾಂಡಿನ ಮೊದಲ ಹಿಮ, ಕಾಡುಹಂದಿಯ ಜೊತೆ ಮುತ್ತಜ್ಜನ ಕುಸ್ತಿ. ಕೇಳಿದವರು ಕಣ್ಣೊರೆಸಿಕೊಂಡರು. ಅಂದಿನಿಂದ ವರ್ಷಕ್ಕೊಂದು ಕಂತು.

ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆದರೆ ಹೋದ ವರ್ಷ ಅವನಿಗೆ ಆಸೆ ಹುಟ್ಟಿತು. ಹಳ್ಳದ ಪಕ್ಕದ ಹುಲ್ಲುಗಾವಲು ಹಿರಿಯ ಮಗನ ಮನೆತನಕ್ಕೇ ಸೇರಬೇಕು ಎಂದು ಮುತ್ತಜ್ಜ ಬರೆದಿದ್ದಾನೆ ಅಂತ ಓದಿಬಿಟ್ಟ. ಹಿರಿಯ ಮನೆತನ ಎಂದರೆ ಇವನದೇ. ಅದುವರೆಗೆ ಅಲ್ಲಿ ಕುರಿ ಮೇಯಿಸುತ್ತಿದ್ದ ಕಿರಿಯ ಮನೆತನದ ಮುರ್ಡೋ ಮರುದಿನವೇ ತನ್ನ ಬೇಲಿ ಕಿತ್ತುಕೊಂಡು ಹೋದ. ಮುತ್ತಜ್ಜನ ಮಾತಿಗೆ ಎದುರಾಡುವ ಜಾತಿಯಲ್ಲ ಅವನು. ಅಂದಿನಿಂದ ಅವನ ಕುರಿಗಳು ನೀರಿಗಾಗಿ ಒಂದು ಮೈಲಿ ನಡೆಯುತ್ತಿದ್ದವು.

ಫರ್ಕರ್ ಪುಸ್ತಕವನ್ನು ಕೋಟಿನೊಳಗೆ ಸೇರಿಸಿಕೊಂಡು ಹೋಗಿ ಕೋಳಿಗೂಡಿನ ಹುಲ್ಲಿನಡಿ ಬಚ್ಚಿಟ್ಟ. ಹೆಂಡತಿ ಊನಾಗೆ ಪುಸ್ತಕ ಕಾಣೆಯಾಗಿದೆ ಎಂದ. ಆಕೆ ನಂಬಿದಳು.

ಮಧ್ಯಾಹ್ನದ ಹೊತ್ತಿಗೆ ಉಣ್ಣೆ ಕತ್ತರಿಸುವ ಕೊಟ್ಟಿಗೆ ತುಂಬ ನೆಂಟರು. ನಲವತ್ತು ಜನ ಸೇರಿ ಹುಡುಕಲು ಶುರುಮಾಡಿದರು. ಹಾಸಿಗೆ ಮಗುಚಿದರು, ಹಿಟ್ಟಿನ ಡಬ್ಬ ಸುರಿದರು. ಕಸ್ಟರ್ಡಿಗೆ ಮೊಟ್ಟೆ ತರಲು ಹೋದ ಮುರ್ಡೋನ ಹೆಂಡತಿ ಪುಸ್ತಕ ಹಿಡಿದುಕೊಂಡು ಬಂದಳು.

"ಕೋಳಿ ಮುತ್ತಜ್ಜನ ಮೇಲೆ ಕಾವಿಗೆ ಕೂತಿತ್ತು," ಎಂದಳು.

ಅಲ್ಲಿಗೆ ಹೇಗೆ ಹೋಯಿತು ಎಂದು ಎಲ್ಲರೂ ಫರ್ಕರ್‌ನ ಮುಖ ನೋಡಿದರು. ಅವನು ಗಂಟಲು ಹಿಡಿದುಕೊಂಡು, ಧ್ವನಿ ಕೂತುಹೋಗಿದೆ ಎಂದು ಕೈಸನ್ನೆ ಮಾಡಿದ. ಎಫೀ ಅತ್ತೆ ಬಿಸಿ ವಿಸ್ಕಿಗೆ ಜೇನು ಬೆರೆಸಿ ಕುಡಿಸಿ, ಕುರಿಕೊಬ್ಬು ಸವರಿದ ಉಣ್ಣೆಬಟ್ಟೆಯನ್ನು ಕುತ್ತಿಗೆಗೆ ಸುತ್ತಿದಳು. ಎಂಬತ್ತನಾಲ್ಕರ ಮುದುಕಿಯಾದರೂ ಕೈ ಮಾತ್ರ ಕಮ್ಮಾರನದು. ಆಮೇಲೆ, "ಪಾಪ, ಇವನು ಸುಮ್ನೆ ಕೂತ್ಕೊಳ್ಲಿ. ಮಿಸ್ ನಿಕಲ್ಸನ್ ಓದ್ತಾರೆ," ಎಂದಳು.

ಮಿಸ್ ನಿಕಲ್ಸನ್ ಕನ್ನಡಕ ಏರಿಸಿಕೊಂಡು ನಿಧಾನವಾಗಿ ಪುಟ ತಿರುವಿದಳು. ಫರ್ಕರ್ ಬಾಗಿಲಿಗೆಷ್ಟು ದೂರ ಎಂದು ಕಣ್ಣಲ್ಲೇ ಅಳೆದ. ಕೊನೆಗೆ ಆಕೆ ತಲೆಯೆತ್ತಿ, ಮೆಕಾಸ್ಕಿಲ್‌ರವರು ಇಷ್ಟು ವರ್ಷ ಓದಿದ್ದೆಲ್ಲ ಅಕ್ಷರಕ್ಷರವೂ ಇದರಲ್ಲಿದೆ ಎಂದಳು. ಹಂದಿಯ ಕುಸ್ತಿಯೂ ಇದೆಯಂತೆ.

ಫರ್ಕರ್‌ಗೆ ತನ್ನ ಕಿವಿಯ ಮೇಲೇ ಅನುಮಾನ ಬಂತು. ಬಾಗಿಲ ಕಡೆ ನೋಡುವುದನ್ನು ಬಿಟ್ಟ.

"ಒಂದು ಪುಟ ಮಾತ್ರ ಬಿಟ್ಟಿದ್ದಾರೆ," ಎಂದು ಆಕೆ ಮುಂದುವರಿಸಿದಳು. "ಹಳ್ಳದ ಹುಲ್ಲುಗಾವಲನ್ನ ಹಿರಿಯ ಮನೆಯೋರು ಒಂದು ವರ್ಷ ಮೇಯಿಸಿ, ಆಮೇಲೆ ಕಿರಿಯ ಮನೆಯೋರಿಗೆ ಶಾಶ್ವತವಾಗಿ ಬಿಟ್ಟುಕೊಡಬೇಕು."

ಹಾಗೆ ಬರೆದಿಲ್ಲ ಎನ್ನಲು ಫರ್ಕರ್ ಬಾಯಿ ತೆರೆದ. ಹಾಗಾದರೆ ಹೇಗೆ ಬರೆದಿದೆ, ನೀನೇ ಓದು ಅಂದರೆ? ತೆರೆದ ಬಾಯನ್ನು ಮುಚ್ಚಿದ. ಮುರ್ಡೋ ಒದ್ದೆಗಣ್ಣಿನಿಂದ ಬಂದು ಅವನ ಕೈ ಕುಲುಕಿದ. ನಲವತ್ತು ಜನ ಚಪ್ಪಾಳೆ ತಟ್ಟಿದರು.

ಸಂಜೆ ಮಿಸ್ ನಿಕಲ್ಸನ್‌ಳ ಚೀಲವನ್ನು ಕಾರಿಗೆ ಹೊತ್ತು ತಂದ ಫರ್ಕರ್, ಆ ಪುಟ ಎಲ್ಲಿದೆ ತೋರಿಸಿ ಎಂದು ಪಿಸುಗುಟ್ಟಿದ.

"ನನಗೇನು ಗೊತ್ತು? ನಾನು ಹುಟ್ಟಿದ್ದಷ್ಟೇ ಸ್ಕೈನಲ್ಲಿ, ಬೆಳೆದದ್ದೆಲ್ಲ ಗ್ಲಾಸ್ಗೋ ನಗರದಲ್ಲಿ. ಗೇಲಿಕ್ ಬರಲ್ಲ. ದಾರಿಯುದ್ದಕ್ಕೂ ನಿಮ್ಮತ್ತೆ ಬಾಯಿಪಾಠ ಮಾಡಿಸಿದ್ರು."

"ಅತ್ತೆಗೆ ಗೇಲಿಕ್ ಓದೋಕೂ ಬರುತ್ತಾ?"

"ಅವರಪ್ಪ ಕಲಿಸಿದ್ರಂತೆ. ಪುಸ್ತಕದ ತುಂಬ ಇರೋದು ಕುರಿ ಗೊರಸು ಕೊಳೆತರೆ ಹಚ್ಚೋ ಮದ್ದಂತೆ. ಅದಕ್ಕಿಂತ ನಿಮ್ಮ ಕತೆಗಳೇ ಚೆನ್ನಾಗಿದ್ವು ಅಂತ ಇಷ್ಟು ವರ್ಷ ಸುಮ್ನಿದ್ರಂತೆ. ಹುಲ್ಲುಗಾವಲಿನ ತನಕ."

ಅಷ್ಟರಲ್ಲಿ ನೆಂಟರೆಲ್ಲ ಅತ್ತೆಯನ್ನು ಕಳಿಸಿಕೊಡಲು ಬಂದು ಕಾರಿನ ಸುತ್ತ ನಿಂತರು. ಅತ್ತೆ ಒಳಗೆ ಕೂತು, ಕಿಟಕಿಯಿಂದ ಫರ್ಕರ್‌ನ ಕೆನ್ನೆ ಸವರಿ, ಗೇಲಿಕ್‌ನಲ್ಲಿ ಉದ್ದವಾಗಿ ಏನೋ ಹೇಳಿದಳು.

"ಅತ್ತೆ ಏನಂದ್ರು?" ಎಂದು ಮುರ್ಡೋ ಕೇಳಿದ.

ಎಲ್ಲರೂ ಫರ್ಕರ್‌ನ ಕಡೆ ತಿರುಗಿದರು. ಅವನು ಬೆವರೊರೆಸಿಕೊಂಡ. "ಎಲ್ಲರೂ ಸುಖವಾಗಿರಿ ಅಂದ್ರು."

"ಅರ್ಧ ಹೇಳಿ ಅರ್ಧ ನುಂಗ್ಬೇಡ ಕಣೋ," ಎಂದಳು ಅತ್ತೆ. "ಆ ಬಹುಮಾನದ ಟಗರು ಯಾರಿಗೆ ಅಂದೆ, ಅದನ್ನೂ ಹೇಳು."

ಜಿಲ್ಲೆಯ ಜಾನುವಾರು ಪ್ರದರ್ಶನದಲ್ಲಿ ಆ ವರ್ಷ ಮೊದಲ ಬಹುಮಾನ ಗೆದ್ದ ಫರ್ಕರ್‌ನ ಟಗರು ಅದು. ಫರ್ಕರ್ ಅತ್ತೆಯ ಮುಖ ನೋಡಿದ, ಮುರ್ಡೋನ ಮುಖ ನೋಡಿದ.

"ಮುರ್ಡೋಗೆ," ಎಂದ. ಕೂತ ಧ್ವನಿ ಈಗ ನಾಟಕವಾಗಿರಲಿಲ್ಲ.

"ನೋಡಿದ್ರಾ?" ಎಂದು ಅತ್ತೆ ಮಿಸ್ ನಿಕಲ್ಸನ್‌ಳ ಕಡೆ ತಿರುಗಿ, ಕಿಟಕಿಯ ಗಾಜು ಏರಿಸುತ್ತ ಹೇಳಿದಳು. "ಇವನಿಗೆ ಗೇಲಿಕ್ ಎಷ್ಟು ಚೆನ್ನಾಗಿ ಬರುತ್ತೆ."